ಸ್ವರ ಹಿಡಿಯುವ ಕೈ

ನಾವು ಶುಕ್ಲ ಯಜುರ್ವೇದದ ಕಣ್ವ ಶಾಖೆಯವರು. ನಮ್ಮ ಮೂಲದ ಕಥೆಯನ್ನು ಅಜ್ಜ ಬಲು ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮ ಋಷಿ ಗುರುವಿನೊಡನೆ ಜಗಳವಾಡಿ, ಕಲಿತದ್ದನ್ನೆಲ್ಲ ಕಕ್ಕಿ ಕೊಟ್ಟು, ನೆಟ್ಟಗೆ ಸೂರ್ಯನ ಹತ್ತಿರ ಹೋದನಂತೆ. ಸೂರ್ಯ ಕುದುರೆಯಾಗಿ ಬಂದು ಹೊಸ ಪಾಠ ಹೇಳಿದನಂತೆ. ನಮ್ಮ ಮನೆಯ ಗಂಡಸರ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಅಂದೇ ಗೊತ್ತಾಯಿತು.

ಜೇವರ್ಗಿ ಸೀಮೆಯ ನೆಲೋಗಿ, ಇಜೇರಿ ಕಡೆ ಮನೆಮನೆಗೆ ಹೋಗಿ ವೇದ ಹೇಳುವುದೇ ಅಜ್ಜನ ಕಸುಬು. ನಮ್ಮವರು ಬರೀ ಬಾಯಿಂದ ಹೇಳುವುದಿಲ್ಲ. ಸ್ವರ ಏರಿದರೆ ಬಲಗೈ ಏರಬೇಕು, ಇಳಿದರೆ ಇಳಿಯಬೇಕು. ಕೈ ತಪ್ಪಿದರೆ ಮಂತ್ರವೇ ತಪ್ಪಿದಂತೆ. ಅಜ್ಜ ಮನೆಯಲ್ಲಿ ಪಾಠ ಹೇಳುವಾಗ ಆ ಕೈ ನೋಡಲಿಕ್ಕೆಂದೇ ನಾನು ಪಡಸಾಲೆಯ ಕಂಬಕ್ಕೆ ಆತು ಕೂಡುತ್ತಿದ್ದೆ. ಅಷ್ಟು ಚೆಂದದ ಕೈಯನ್ನು ಮತ್ತೆಲ್ಲೂ ಕಂಡಿಲ್ಲ.

೧೯೪೮ರ ಬೇಸಿಗೆಯಲ್ಲಿ ಅಜ್ಜನಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು, ಬಲಗೈ ಬಿದ್ದುಹೋಯಿತು. ಅವರ ಹತ್ತಿರ ಕಲಿಯುತ್ತಿದ್ದ ನಮ್ಮ ಕಾಕಾನ ಪಾಠ ಇನ್ನೂ ಅರ್ಧ ಉಳಿದಿತ್ತು. ಹಳೆಯ ಪೋಥಿಯಲ್ಲಿ ಶಬ್ದಗಳಿದ್ದವು, ಸ್ವರ ಮಾತ್ರ ಅಜ್ಜನ ಕೈಯಲ್ಲೇ ಇತ್ತು. ಸುತ್ತಿನಲ್ಲಿ ಆ ಪಾಠ ಬಲ್ಲವರು ಬೇರೆ ಯಾರೂ ಇರಲಿಲ್ಲ. ನಿಜಾಮರ ರಾಜ್ಯ ಮುಗಿಯುತ್ತ ಬಂದಿದ್ದ ಗಲಾಟೆಯ ವರ್ಷ ಅದು. ಭೀಮಾ ದಾಟಿ ಇನ್ನೊಬ್ಬ ಗುರುವನ್ನು ಹುಡುಕುವಂತಿರಲಿಲ್ಲ.

ಒಂದು ಮುಂಜಾನೆ ಕಾಕಾ ಹಾಸಿಗೆಯ ಪಕ್ಕ ಕುಳಿತು ಪಾಠ ಹೇಳುತ್ತ ಹೇಳುತ್ತ, ಮುಂದಿನ ಸ್ವರ ತಿಳಿಯದೆ ನಡುವೆ ನಿಲ್ಲಿಸಿಬಿಟ್ಟ. ಅಜ್ಜನ ಎಡಗೈ ಆಡುತ್ತಿತ್ತು, ಆದರೆ ವೇದಕ್ಕೆ ಎಡಗೈ ಎತ್ತುವಂತಿಲ್ಲ. ಅಜ್ಜನ ಕಣ್ಣಲ್ಲಿ ನೀರು ತುಂಬಿತು, ನನಗೂ ಅಳು ಬಂತು. ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮೊರ ಬದಿಗಿಟ್ಟು ಬಂದು, ಮಗನ ಎದುರು ಕುಳಿತು, ಬಲಗೈ ಎತ್ತಿದಳು.

“ಅವ್ವಾ, ಹೆಣ್ಮಕ್ಕಳು ವೇದ ಅನ್ನಬಾರದು,” ಎಂದ ಕಾಕಾ.

“ನಾ ಎಲ್ಲಿ ಬಾಯಿ ತೆಗದೇನಿ? ಮದಿವ್ಯಾಗಿ ಬಂದಾಗಿಂದ ಆ ಕೈ ನೋಡೇನಿ. ನೀ ಅನ್ನು.”

ಕಾಕಾ ಶುರುಮಾಡಿದ. ಅವಳ ಕೈ ಏರಿತು, ಇಳಿಯಿತು. ಥೇಟ್ ಅಜ್ಜನದೇ ಕೈ. ಮಡಿಯ ವಿಷಯದಲ್ಲಿ ಅಜ್ಜ ಹುಲಿ. ಈಗ ಏನಾಗುವುದೋ ಎಂದು ನಾನು ಅವರನ್ನೇ ನೋಡುತ್ತಿದ್ದೆ. ಒಂದು ಕಡೆ ಅಜ್ಜಿಯ ಕೈ ತುಸು ಕೆಳಗೇ ಉಳಿಯಿತು. ಅಜ್ಜ ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದರು, ಎಲ್ಲಿರಬೇಕೋ ಅಲ್ಲಿಗೆ ಎತ್ತಿದರು, ಮತ್ತೆ ಹೇಳು ಎಂಬಂತೆ ಕಾಕಾನ ಕಡೆ ನೋಡಿದರು.