ಬಳೆಯ ಪಿನ್ನು, ಬೆವರಿದ ಜೆರ್ಸಿ

“ಆಂಟಿ, ಪಿನ್ನು ಇದ್ಯಾ?” ಹೊನ್ನಾವರದ ಕಾಲೇಜು ಕ್ರೀಡಾಕೂಟದಲ್ಲಿ ಫುಟ್‌ಬಾಲ್ ಪಂದ್ಯದ ವಿರಾಮಕ್ಕೆ ಓಡಿಬಂದು ಕೇಳಿದಳು ಪಕ್ಕದ ಮನೆಯ ಸುಜಾತಾ. ತಂಡದಲ್ಲಿ ಮುಂದೆ ಓಡಿ ದೂರದ ಪಾಸು ಪಡೆಯುವವಳು ಅವಳೇ, ಇನ್ನೂರು ಮೀಟರ್ ಓಟಕ್ಕೂ ಅವಳೇ. ಆ ಓಟ ವಿರಾಮದಲ್ಲೇ ಇದ್ದುದರಿಂದ ಬಟ್ಟೆ ಬದಲಿಸಲು ಸಮಯವಿರಲಿಲ್ಲ. ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನು ಬಿಚ್ಚಿ, ಬೆವರಿಗೆ ಮೈಗಂಟಿದ್ದ ಜೆರ್ಸಿಯ ಮೇಲೆಯೇ ಓಟದ ನಂಬರು ಚುಚ್ಚಿಕೊಟ್ಟೆ.

ಎಲ್ಲರಿಗಿಂತ ಮೊದಲು ಗೆರೆ ದಾಟಿದಳು. ಆದರೆ ತೀರ್ಪುಗಾರರು, “ಫುಟ್‌ಬಾಲ್ ಅಂಗಿಲಿ ಓಡಿದ್ದು ಲೆಕ್ಕಕ್ಕಿಲ್ಲ” ಎಂದು ಅವಳ ಪದಕವನ್ನು ಎರಡನೆಯವಳಿಗೆ ಕೊಟ್ಟರು. ಸ್ವಲ್ಪ ಮುಂಚೆ ಹುಡುಗರ ಓಟದಲ್ಲಿ ಅಂಥದೇ ಫುಟ್‌ಬಾಲ್ ಜೆರ್ಸಿಯಲ್ಲಿ ಓಡಿ ಗೆದ್ದ ಹುಡುಗ ಪದಕ ಹಾಕಿಕೊಂಡು ಅಲ್ಲೇ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

“ಅವನ ಅಂಗಿ ಕಾಣ್ಲಿಲ್ವಾ ಸರ್?”

“ಈ ಹುಡುಗಿ ನಾಳೆ ಮದುವೆಯಾಗಿ ಹೋಗ್ತದೆ. ಪದಕ ತಕಂಡು ಎಂತ ಮಾಡ್ತದೆ ಅಮ್ಮಾ?” ಎಂದು ನಕ್ಕರು.

ಸುಜಾತಾ ಪಿನ್ನುಗಳನ್ನು ಬಿಚ್ಚಿ ನನ್ನ ಅಂಗೈಗಿಟ್ಟಳು. “ಸೆಕೆಂಡ್ ಹಾಫ್ ಶುರುವಾತು ಆಂಟಿ” ಎಂದು ಮೈದಾನಕ್ಕೆ ಓಡಿದಳು.

ಸೆರಗಿಗೆ ಪಿನ್ನು ಚುಚ್ಚುವಾಗಲೆಲ್ಲ ಆ ತೀರ್ಪುಗಾರರ ನಗು ನೆನಪಾಗಿ ಈಗಲೂ ಮೈ ಉರಿಯುತ್ತದೆ. ಮದುವೆಯಾಗಿ ಬಂದವಳು ನಾನೂ. ನನ್ನದೊಂದು ಪದಕವಿದ್ದಿದ್ದರೆ ಹಾಲ್‌ನಲ್ಲಿ, ಬಂದವರಿಗೆಲ್ಲ ಕಾಣುವಲ್ಲಿ ತೂಗುಹಾಕುತ್ತಿದ್ದೆ.