ಒರೆಸದ ಗುರುತು

ನಮ್ಮ ಕೆಳಮನೆಯ ಡ್ರಾಯಿಂಗ್ ಮೇಷ್ಟ್ರು ತಮ್ಮ ಬೆಳ್ಳಿ ನಾಣ್ಯಗಳನ್ನು ತೋರಿಸುವ ಮೊದಲು ಬಿಳಿ ಕೈಗವಸು ತೊಡುತ್ತಾರೆ, ಆಮೇಲೆ "ಉಸಿರು ಬಿಡ್ಬೇಡ, ಮಂಜಾಗುತ್ತೆ" ಎಂದು ನನ್ನ ಪ್ರಾಣ ತೆಗೆಯುತ್ತಾರೆ. ಕನ್ನಡಿಯಂತೆ ಹೊಳೆಯುವ ಅವು ಚಲಾವಣೆಗಲ್ಲ, ಸಂಗ್ರಹಕ್ಕೆಂದೇ ಅಚ್ಚಾದವು; ಎಲ್ಲದರ ಮೇಲೂ ಒಂದು ಗೂಬೆ, ವರ್ಷಕ್ಕೊಂದು ಹೊಸ ಡಿಸೈನು. "ಹೋದ ವರ್ಷದ ಗೂಬೆಗೆ ಒಂಬತ್ತು ಗರಿ, ಈ ವರ್ಷದ್ದಕ್ಕೆ ಎಂಟೇ!" ಎಂದು, ಗರಿ ಉದುರಿದ್ದು ತಮ್ಮದೇ ಎಂಬಂತೆ ನಿಟ್ಟುಸಿರಿಡುತ್ತಾರೆ. ಅಷ್ಟೂ ನಾಣ್ಯಗಳಲ್ಲಿ ಒಂದರ ಮೇಲೆ ಮಾತ್ರ ಹೆಬ್ಬೆರಳಿನ ಕಪ್ಪು ಗುರುತಿದೆ. ಹೆಂಡತಿ ಒಮ್ಮೆ ಅದನ್ನು ಬರಿಗೈಯಲ್ಲಿ ಎತ್ತಿ ನೋಡಿದ್ದಕ್ಕೆ ಇವರು ಎಂಟು ದಿನ ಮಾತು ಬಿಟ್ಟಿದ್ದರಂತೆ. ಆಕೆ ತೀರಿಕೊಂಡು ಮೂರು ವರ್ಷವಾಯಿತು. "ತಿಕ್ಕಿದ್ರೆ ಹೋಗಲ್ವಾ ಮೇಷ್ಟ್ರೇ?" ಎಂದು ಕೇಳಿಬಿಟ್ಟೆ. ಅವರು ಕೈಗವಸು ಕಳಚಿ, ಆ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಟ್ಟರು. "ಮಿಕ್ಕಿದ್ದೆಲ್ಲ ಸಾವಿರಾರು ಜನರ ಹತ್ರ ಇದೆ ಕಣಪ್ಪ. ಈ ಡಿಸೈನು ಇದೊಂದೇ."