ಬಿರುಬಿಸಿಲಲ್ಲಿ ಕೋಟು ಹಾಕಿಕೊಂಡು ಬಂದವನು

ನಾನು ತಾತನಾದೆ! ನಿನ್ನೆ ಬೆಳಗಿನ ಪಾಳಿಯ ಸೈರನ್ ಕೂಗು ಇನ್ನೂ ನಿಂತಿರಲಿಲ್ಲ, ಕೋರಮಂಡಲ್‌ನ ಗಣಿಯವರ ಸಾಲುಮನೆಗಳಲ್ಲೊಂದಾದ ನಮ್ಮ ಲೈನ್ ಮನೆಯಲ್ಲಿ ಮಗಳು ಹೆಣ್ಣುಮಗು ಹೆತ್ತಳು. ಮಗು ಸೈರನ್ನಿಗಿಂತ ಜೋರಾಗಿ ಅತ್ತಿತು. ಬಾಗಿಲಾಚೆ ನಿಂತಿದ್ದ ನಾನು ಕುಣಿದೆ ಅಂತ ನಮ್ಮಾಕೆ ಹೇಳುತ್ತಾಳೆ. ಕುಣಿದಿದ್ದರೆ ಕುಣಿದೆ, ಯಾರಪ್ಪನ ಗಂಟೇನು ಹೋಯಿತು? ಲೈನಿನ ಮನೆಮನೆಗೂ ಸಕ್ಕರೆ ಹಂಚಿದೆ, ಬೇಡ ಅಂದವರ ಬಾಯಿಗೂ ಹಾಕಿದೆ. ಇವತ್ತು ಬರೆಯಲು ಕೂತರೆ ಬೆರಳಿಗೆ ಇನ್ನೂ ಸಕ್ಕರೆ ಅಂಟಿದೆ. ಅಕ್ಷರ ಸೊಟ್ಟಗಾಗುವುದಕ್ಕೆ ಅದೊಂದು ಕಾರಣ, ನಾಲ್ಕನೇ ಕ್ಲಾಸಿಗೇ ಬಿಟ್ಟ ಓದು ಇನ್ನೊಂದು.

ಈ ಮಗುವಿನ ಅಪ್ಪನನ್ನು ಮೊದಲು ಕಂಡಾಗ ನಾನು ಕಳ್ಳ ಅಂದುಕೊಂಡಿದ್ದೆ.

ನನ್ನ ಕೆಲಸ ಅಂಥದ್ದು ನೋಡಿ. ಗಣಿ ಬಾಗಿಲಲ್ಲಿ ಕಾವಲು. ಕೆಳಗಿನಿಂದ ಮೇಲೆ ಬಂದವರ ಬಟ್ಟೆ ಒದರಿಸಿ ನೋಡಬೇಕು, ಚಿನ್ನದ ಕಲ್ಲಿನ ಚೂರೂ ಹೊರಗೆ ಹೋಗಬಾರದು. ಅದನ್ನೇ ಮಾಡಿ ಮಾಡಿ ನನ್ನ ಕಣ್ಣು ಮನುಷ್ಯರ ಮುಖ ನೋಡುವುದನ್ನು ಬಿಟ್ಟು ಬಟ್ಟೆ ನೋಡುವುದನ್ನು ಕಲಿತುಬಿಟ್ಟಿದೆ. ಹೊಲಿಗೆ ಯಾಕೆ ದಪ್ಪಗಿದೆ, ಮಡಿಕೆ ಯಾಕೆ ಜೋತಿದೆ. ಬೇಕಾದ್ದಕ್ಕಿಂತ ಒಂದು ಬಟ್ಟೆ ಜಾಸ್ತಿ ಹಾಕಿಕೊಂಡವನನ್ನು ಕಂಡರೆ ಕೈ ತಾನಾಗಿಯೇ ಪಕ್ಕಕ್ಕೆ ನಿಲ್ಲು ಅನ್ನುತ್ತದೆ.

ಆಗ ಆಣೆ ಹೋಗಿ ಹೊಸ ಪೈಸೆ ಬಂದಿದ್ದ ಕಾಲ. ಬೂದಿಕೋಟೆ ಕಡೆಯ ಹಳ್ಳಿಯಿಂದ ಮಗಳಿಗೆ ಒಂದು ಸಂಬಂಧ ಬಂತು. ಹುಡುಗನ ತಾಯಿ ಮತ್ತು ನಮ್ಮಾಕೆ ಒಂದೇ ಊರಲ್ಲಿ ಹುಟ್ಟಿದವರು. ವೀಳ್ಯದೆಲೆ ತೋಟದ ಮನೆ. ಹುಡುಗ ಎಲೆಯ ಹೊರೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಬಂಗಾರಪೇಟೆ ಹಾದು, ನಮ್ಮ ಕೋರಮಂಡಲ್ ಅಂಗಡಿಗಳಿಗೆ ಬರುತ್ತಿದ್ದ. ಮಗಳಿಗೂ ಮನಸ್ಸಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅವನ ಸೈಕಲ್ ಗಂಟೆ ಕೇಳಿದರೆ ಬಾಗಿಲಿಗೆ ನೀರು ಹಾಕುವುದು ನೆನಪಾಗುತ್ತಿತ್ತು, ಅಷ್ಟೇ. ನಾನೊಬ್ಬ ಹೂಂ ಅನ್ನಬೇಕಿತ್ತು.

ವೈಶಾಖದ ಬಿಸಿಲು. ಚಿನ್ನ ತೆಗೆದುಳಿದ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ದೂಳು ಕಣ್ಣು ಚುಚ್ಚುತ್ತಿತ್ತು. ಲೈನಿನ ಗಂಡಸರೆಲ್ಲ ಬನೀನು ಬಿಚ್ಚಿ ಬೀಸಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಇವನು ಬಂದ. ಮೇಲೊಂದು ಬಿಳಿ ಕೋಟು, ಬಂಗಲೆಯ ಇಂಗ್ಲಿಷ್ ದೊರೆಗಳು ಊರು ಬಿಡುವಾಗ ಮಾರಿಹೋದಂಥದ್ದು. ಒಳಗೆ ತುಂಬುತೋಳಿನ ಅಂಗಿ, ಇನ್ನೊಬ್ಬ ಆಳು ಹಿಡಿಸುವಷ್ಟು ಸಡಿಲ. ಅದರೊಳಗೆ ಮತ್ತೇನೋ ಒಂದು, ಕತ್ತಿನ ಹತ್ತಿರ ಒದ್ದೆಯಾಗಿ ಕಾಣುತ್ತಿತ್ತು. ನೀರು ಕುಡಿದ, ಹೊಸ್ತಿಲಲ್ಲಿ ನಿಂತ. ಬಲಗೈ ಕೋಟಿನೊಳಗೆ ಎದೆಯ ಹತ್ತಿರ ಹೋಯಿತು. ನನ್ನ ಮುಖ ನೋಡಿದ. ಕೈ ಖಾಲಿಯಾಗಿ ವಾಪಸ್ ಬಂತು. ಅವನು ಹೋದ ಮೇಲೆ ನಮ್ಮಾಕೆಗೆ ಹೇಳಿದೆ.

"ನೋಡ್ದಾ? ಈ ಬಿಸ್ಲಾಗೆ ಮೂರು ಬಟ್ಟೆ!"

"ಎಣ್ಣಿನ ಮನೆಗೆ ಮೈ ಮುಚ್ಕೊಂಡು ಬಂದವ್ನೆ. ನಿನ್ನಂಗೆ ಚಡ್ಡೀಲಿ ಬರ್ಬೇಕಿತ್ತಾ?"

"ಬರೋವಾಗ ಎಲೆ ತತ್ತಾನೆ ಸರಿ. ಓಗೋವಾಗ ಏನ್ ತಗೊಂಡೋಯ್ತಾನೆ?"

"ಅಯ್ಯೋ ನಿನ್ ಕಣ್ಣಿಗಿಷ್ಟು! ದೇವ್ರಿಗೆ ಉಡ್ಸಿರೋ ಸೀರೇಲೂ ಕಲ್ಲುಚೂರು ಉಡುಕ್ತೀಯ."

ಅವಳಿಗೇನು, ನಕ್ಕುಬಿಟ್ಟಳು. ನನಗೆ ಇದ್ದವಳು ಒಬ್ಬಳೇ ಮಗಳು. ಕೊಟ್ಟ ಮೇಲೆ ಅವನ ಬಟ್ಟೆಯಲ್ಲಿ, ಗಣಿಯಿಂದ ಯಾರೋ ಕದ್ದು ಕೊಟ್ಟ ಚಿನ್ನದ ಕಲ್ಲು ಸಿಕ್ಕಿದರೆ? ಅವನು ಜೈಲಿಗೆ, ಅವಳು ತಲೆ ತಗ್ಗಿಸಿಕೊಂಡು ನಮ್ಮ ಮನೆಗೆ. ಬಂದಾಗಲೆಲ್ಲ ಆ ಕೈ ಹಾಗೇ ಕೋಟಿನೊಳಗೆ ಹೋಗಿ ಖಾಲಿ ಬರುತ್ತಿತ್ತು. ನಾನು ಕೂತುಕೋ ಅನ್ನಲಿಲ್ಲ.

ಕಡೆಗೆ ಒಂದು ರಜೆಯ ದಿನ ಬಾಡಿಗೆ ಸೈಕಲ್ ಹಿಡಿದು, ಅವನು ವಾಪಸ್ ಹೊರಟಾಗ ಹಿಂದೆ ಬಿದ್ದೆ. ಬಿಸಿಲಲ್ಲವೇ, ನಾನು ಜಾಣ, ಚಡ್ಡಿ ಮತ್ತು ತೋಳಿಲ್ಲದ ಬನೀನು ಅಷ್ಟೇ. ಬಂಗಾರಪೇಟೆ ರಸ್ತೆ ಹಿಡಿದ ಸ್ವಲ್ಪ ಹೊತ್ತಿಗೇ ಹೆಗಲು ಕಾದ ಹೆಂಚಾಯಿತು. ಮುಂದಿನವನು ಮರದ ನೆರಳಲ್ಲಿ ಹೋಗುವವನ ಹಾಗೆ ಹೋಗುತ್ತಿದ್ದ. ಅಂಗಿಯೊಳಗೆ ಗಾಳಿ ತುಂಬಿ ಬೆನ್ನು ಉಬ್ಬುತ್ತಿತ್ತು. ಏರು ಬಂತು. ಇಳಿದು, ಕೋಟು ಬಿಚ್ಚಿ ಹಿಂದೆ ಕಟ್ಟಿದ. ಏರು ಮುಗಿಯಿತು, ಮತ್ತೆ ಹಾಕಿಕೊಂಡ. ಬಿಚ್ಚುವುದು, ಹಾಕುವುದು! ಇದು ಯಾರಿಗೋ ಸನ್ನೆ ಅಂದುಕೊಂಡು ನಾನು ಹೊಲಗಳ ಕಡೆಯೆಲ್ಲ ನೋಡಿದೆ. ಒಂದು ಎಮ್ಮೆ ಇತ್ತು.

ದಾರಿ ಪಕ್ಕದ ಬಾವಿಯ ಹತ್ತಿರ, ಹೊಂಗೆ ಮರದಡಿ ಅವನು ಸೈಕಲ್ ನಿಲ್ಲಿಸಿದ. ನಾನು ಹೋಗಿ ಮುಂದೆ ನಿಂತೆ.

"ತೆಗಿಯೋ. ಒಂದೊಂದೇ ತೆಗಿ."

ಹುಡುಗ ಬೆಚ್ಚಿದ, ಆಮೇಲೆ ಸುಮ್ಮನೆ ಬಿಚ್ಚಿಕೊಟ್ಟ. ಕೋಟಿನ ಜೇಬು ಒದರಿಸಿದೆ, ಒಂದು ಬಾಚಣಿಗೆ. ಅಂಗಿ ಹಿಂಡಿ ನೋಡಿದೆ, ಏನಿಲ್ಲ. ಮೈಗೆ ಹತ್ತಿದ್ದದ್ದು ಹಳೇ ಪಂಚೆ ಹರಿದು ಹೊಲಿದ ಬನೀನು, ತೊಯ್ದು ಮೈಗಂಟಿತ್ತು. ಅದರ ಎದೆಯ ಮಡಿಕೆಯಲ್ಲಿ ಬಾಳೆಎಲೆಯ ಒಂದು ಪೊಟ್ಟಣ. ಸಿಕ್ಕಿಬಿಟ್ಟ ಅಂತ ಬಿಚ್ಚಿದೆ. ಒಂದು ಹಿಡಿ ಎಳೆಯ ವೀಳ್ಯದೆಲೆ, ಎರಡು ಅಡಿಕೆ, ಒಂದು ಅರಿಶಿನದ ಕೊಂಬು.

"ಇದ್ಯಾರಿಗ್ಲಾ?"

"ನಿಮ್ಗೇ, ಮಾವ."

"ಮಾವನಾ? ಯಾವತ್ತಿಂದ?"

"ಇನ್ನೂ ಇಲ್ಲ, ಅದ್ಕೇ ಒಳ್ಗಿಟ್ಕೊಂಡಿವ್ನಿ. ಬಂದಾಗೆಲ್ಲ ತತ್ತೀನಿ. ನೀವು ಕೂತ್ಕೋ ಅನ್ನಲ್ಲ, ನಿಂತ್ಕೊಂಡು ಎಂಗೆ ಕೊಡೋದು? ವಾಪಸ್ ಓಯ್ತವೆ."

"ನಿನ್ ಬೆವ್ರಲ್ಲಿ ನೆಂದಿರೋ ಎಲೆ ನಾನ್ ತಿನ್ಬೇಕಾ?"

"ಬೆವ್ರಲ್ಲ, ಬಾವಿ ನೀರು. ಎಲೆ ಒರೆಗಿಂತ ಇಲ್ಲೇ ತಣ್ಣಗಿರ್ತವೆ, ಮುಟ್ನೋಡಿ."

ಮುಟ್ಟಿದೆ. ಈಗ ತಾನೇ ಬಳ್ಳಿಯಿಂದ ಬಿಡಿಸಿದಷ್ಟು ತಣ್ಣಗಿದ್ದವು.

"ಅದ್ಸರಿ, ಬಿಸ್ಲಿಗೆ ಇಷ್ಟು ಬಟ್ಟೆ ಯಾಕೆ? ನಿಜ ಏಳು."

"ಎಲೆ ಒರೆ ಎಂಗೆ ಕಟ್ತೀವಿ ಮಾವ? ಒಳ್ಗೆ ಒದ್ದೆ ಬಟ್ಟೆ, ಮ್ಯಾಲೆ ಸಡಿಲ್ವಾಗಿ ಬಾಳೆಎಲೆ, ಅದ್ರ ಮ್ಯಾಲೆ ಗೋಣಿ. ಬಿಸ್ಲಿಗೆ ಬಿಚ್ಚಿಟ್ರೆ ಬಾಡೋಯ್ತವೆ. ನಾನೂ ಅಂಗೇ ಕಟ್ಕೊಂಡಿವ್ನಿ. ಬಿಗಿ ಆಕಿದ್ರೆ ಗಾಳಿ ಆಡಲ್ಲ. ಏರಲ್ಲಿ ಕೋಟು ಬ್ಯಾಡ, ಉಸ್ರು ಕಟ್ತದೆ. ನಿಮ್ ಎಗ್ಲು ನೋಡ್ಕೊಳ್ಳಿ, ಬಾಡೋಗೈತೆ."

ಹೆಗಲು ಕೆಂಪಗಾಗಿತ್ತು, ತಲೆಯೂ ಸುತ್ತುತ್ತಿತ್ತು. ಅವನು ಕೊಡದಲ್ಲಿ ನೀರು ಸೇದಿ ನನ್ನ ಬನೀನನ್ನು ಅದ್ದಿ ಹಾಕಿಸಿದ. ಅದರ ಮೇಲೆ ತನ್ನ ಸಡಿಲ ಅಂಗಿ ತೊಡಿಸಿದ. ಆಮೇಲೆ ಎಲೆ ಮುಂದೆ ಹಿಡಿದ. ನಮ್ಮ ಕಡೆ ಹುಡುಗನ ಕೈಯ ಎಲೆ ಅಡಿಕೆಯನ್ನು ಹೆಣ್ಣಿನ ಅಪ್ಪ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ತಲೆ ತಿರುಗುವಾಗ ಎಲೆ ಹಿಡಿಸುವ ಉಪಾಯವೇನೋ ಇದು? ಕೈ ಹಿಂದಕ್ಕೆ ಕಟ್ಟಿಕೊಂಡೆ. ಅಂಗಿ ಮಾತ್ರ ತೆಗೆದುಕೊಂಡು ಬಂದೆ.

ಮನೆಗೆ ಬರುವಷ್ಟರಲ್ಲಿ ಒಂದು ಗೊತ್ತಾಯಿತು: ಬಿಸಿಲು ಅಂಗಿಯ ಮೇಲೆಯೇ ನಿಂತುಬಿಡುತ್ತದೆ, ಒಳಗೆ ಒದ್ದೆಯ ಮೇಲೆ ಗಾಳಿ ಓಡಾಡುತ್ತದೆ. ಸುಖವಾಗಿತ್ತು. ಅಷ್ಟು ಸುಖವಾಗಿದ್ದದ್ದೇ ಅನುಮಾನಕ್ಕೆ ಬಂತು. ಕತ್ತರಿ ತಗೊಂಡು ಅಂಗಿಯ ಕಾಲರು, ತೋಳಿನ ಪಟ್ಟಿ ಎಲ್ಲ ಬಿಚ್ಚಿ ನೋಡಿದೆ. ದಾರ ಬಿಟ್ಟರೆ ಏನೂ ಇರಲಿಲ್ಲ.

"ಆಯ್ತಾ?" ಅಂದಳು ನಮ್ಮಾಕೆ. "ಈಗ ಒಲಿಯೋರ್ಯಾರು?"

ಮಗಳು ಅಂಗಿ ಎತ್ತಿಕೊಂಡು ಹೋದಳು. ಸಂಜೆಯ ಬೆಳಕು ಹೋಗುವ ತನಕ ಹೊಲಿದಳು. ಮೊದಲಿದ್ದ ಹೊಲಿಗೆಗಿಂತ ಚೆನ್ನಾಗಿ ಹೊಲಿದಳು. ಆ ಬೆರಳುಗಳನ್ನು ನೋಡಿ ಕತ್ತರಿಯನ್ನು ಪೆಟ್ಟಿಗೆಯೊಳಗೆ ಹಾಕಿಟ್ಟೆ. ಮುಂದಿನ ಸಲ ಅವನು ಬಂದಾಗ ಅಂಗಿ ಕೊಟ್ಟು, "ಕೂತ್ಕೋ" ಅಂದೆ. ಕೂತ. ಬಲಗೈ ಕೋಟಿನೊಳಗೆ ಹೋಯಿತು. ಈ ಸಲ ಖಾಲಿ ಬರಲಿಲ್ಲ, ನಾನೂ ಕೈ ಹಿಂದಕ್ಕೆ ಕಟ್ಟಿಕೊಳ್ಳಲಿಲ್ಲ.

ಅನುಮಾನ ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಮದುವೆ ಆದ ಮೇಲೆ ಒಂದು ಹಬ್ಬಕ್ಕೆ ಅಳಿಯನಿಗೆ ನೈಲಾನ್ ಅಂಗಿ ಕೊಡಿಸಿದೆ, ಆಗಿನ ಷೋಕಿ ಅದು. ಸೈಕಲ್ ಮೇಲೆ ಒಂದು ದಿನವೂ ಅದು ಕಾಣಲಿಲ್ಲ. ಮಾರಿಕೊಂಡನೇನೋ ಅಂತ ತಿಂಗಳುಗಟ್ಟಲೆ ಕೊರೆಯಿತು. ಕೇಳಿದರೆ, "ಅದನ್ನ ಆಕ್ಕೊಂಡು ತುಳಿದ್ರೆ ಇಡ್ಲಿ ಬೆಂದಂಗೆ ಬೇಯ್ತೀನಿ ಮಾವ, ಮದ್ವೆ ಮನೆಗೆ ಇಟ್ಟಿವ್ನಿ" ಅಂದ. ನಾನು ಅವನ ಊರಿಗೆ ಹೋದಾಗ ಪೆಟ್ಟಿಗೆ ತೆಗೆದು ನೋಡಿಬಂದೆ. ಇತ್ತು.

ನಿನ್ನೆ ಬೂದಿಕೋಟೆ ಬಸ್ಸಿನವರ ಕೈಲಿ ಸುದ್ದಿ ಕಳಿಸಿದ್ದೆವು. ಬಿಸಿಲು ಇಳಿಯುವ ಮುಂಚೆಯೇ ಅಳಿಯ ಬಂದ. ಅದೇ ಕೋಟು. ಮುಖ ತುಂಬ ನಗು. ನನಗೂ ಓಡಿ ತಬ್ಬಿಕೊಳ್ಳುವಷ್ಟು ಖುಷಿ, ಆದರೆ ಕಣ್ಣು ಮೊದಲು ಎದೆಗೇ ಹೋಯಿತು. ಅಲ್ಲಿ ಏನೋ ಉಬ್ಬಿತ್ತು, ಎಲೆಯ ಪೊಟ್ಟಣಕ್ಕಿಂತ ದೊಡ್ಡದು.

"ಏನಪ್ಪಾ ಅದು?"

"ನೀವೇ ನೋಡಿ ಮಾವ" ಅಂತ ಗಣಿ ಬಾಗಿಲಲ್ಲಿ ನಿಲ್ಲುವವರ ಹಾಗೆ ಎರಡೂ ಕೈ ಮೇಲೆತ್ತಿದ. ಒಳಗಿನಿಂದ ಮಗಳು ನಗುವುದು ಕೇಳಿಸಿತು.

ತೆಗೆದೆ. ಅವನು ಇಷ್ಟು ವರ್ಷ ಮೈಗೆ ಹತ್ತಿಸಿಕೊಂಡು ಸೈಕಲ್ ತುಳಿದ ಪಂಚೆ ಬನೀನುಗಳು. ಮೊದಲೇ ಹೊಲಿಗೆ ಬಿಚ್ಚಿ, ಕುದಿಸಿ, ಬಿಸಿಲಿಗೆ ಒಣಗಿಸಿ, ಚೌಕ ಮಾಡಿ ಮಡಿಸಿದ್ದ. ಅಂಗಿಗೂ ಕೋಟಿಗೂ ನಡುವೆ, ಒದ್ದೆ ತಾಗದ ಹಾಗೆ ಇಟ್ಟುಕೊಂಡು ಬಂದಿದ್ದ. ಹುಟ್ಟಿದ ಮಗುವಿಗೆ ನಾವು ಹೊಸ ಬಟ್ಟೆ ತೊಡಿಸುವುದಿಲ್ಲ, ನವೆದ ಹಳೇ ಬಟ್ಟೆಯೇ ಆಗಬೇಕು. ಹೊಲಿಗೆಯ ಗುರುತುಗಳ ಮೇಲೆಲ್ಲ ಬೆರಳಾಡಿಸಿದೆ. ಬೆಣ್ಣೆ ಮುಟ್ಟಿದ ಹಾಗಿತ್ತು.

ರಾತ್ರಿ ಊಟಕ್ಕೆ ಎಲ್ಲರೂ ಕೂತೆವು. ನಮಗೆ ಮುದ್ದೆ, ಹುರುಳಿ ಸಾರು. ಒಳಕೋಣೆಯ ಬಾಗಿಲು ತೆರೆದಿಟ್ಟು ಮಗಳಿಗೆ ಅಲ್ಲಿಗೇ ಅನ್ನ, ಮೆಣಸಿನ ಸಾರು. ಮಗುವಿಗೆ ಶಾಲು ಹೊದಿಸುತ್ತೇನೆ ಅಂತ ನಮ್ಮಾಕೆ, ಈ ಸೆಕೆಗೆ ಒಂದೇ ಪದರ ಸಾಕು ಅಂತ ಅಳಿಯ. ಅವನೇ ಗೆದ್ದ. ಮಗು ಅಪ್ಪನ ಬನೀನಿನ ಬಟ್ಟೆಯೊಳಗೆ ನಿದ್ದೆ ಹೋಗಿತ್ತು. ಗೂಟಕ್ಕೆ ಅವನ ಕೋಟು ತೂಗುಬಿದ್ದಿತ್ತು. ಮುದ್ದೆ ಮುರಿಯುತ್ತಾ ಅದರ ಜೇಬಿನ ಕಡೆ ಒಂದು ಸಲ ನೋಡಿದೆ.

"ಉಣ್ಣು ಸುಮ್ಕೆ" ಅಂತ ನಮ್ಮಾಕೆ ಇನ್ನೊಂದು ಸೌಟು ಸಾರು ಬಿಟ್ಟಳು. ಉಂಡೆ.